ಒಂದು ಹೆಸರಿನ ಇತಿಹಾಸ: ಜೆರ್ಬೊವಾ ಮತ್ತು ಬಿಲ ಇಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡಿನ ಪೂರ್ವಚರಿತ್ರೆಯನ್ನು ಅರಿಯಲು ಹಳೆಯ ಪ್ರಾಣಿಗ್ರಂಥಗಳು ಉಪಯುಕ್ತವಾದ ಆಕರಗಳು. ಆದರೆ ಅವುಗಳಲ್ಲಿ ಬರುವ ಹೆಸರುಗಳನ್ನು ಶಾಸನದ ಅಕ್ಷರಗಳಂತೆಯೇ ಪರೀಕ್ಷಿಸಿ ಓದಬೇಕು. ಇದಕ್ಕೆ 'ಇಂಡಿಯನ್ ಜೆರ್ಬೊವಾ ರ್‍ಯಾಟ್' ಎಂಬ ಹೆಸರನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ಜೆರ್ಬೊವಾ ಎಂಬುದು ಉತ್ತರ ಆಫ್ರಿಕ ಮತ್ತು ಏಷ್ಯದ ಮರುಭೂಮಿ, ಒಣ ಹುಲ್ಲುಗಾವಲುಗಳಲ್ಲಿ ನೀಳವಾದ ಹಿಂಗಾಲುಗಳಿಂದ ನೆಗೆಯುತ್ತ ಬಾಳುವ ಪ್ರಾಣಿ. ಕರ್ನಾಟಕದಲ್ಲಿ ಅದಿಲ್ಲ. 1758ರಲ್ಲಿ ಲಿನೇಯಸನು ಅದನ್ನು ಇಲಿಗಳ 'ಮಸ್' ಕುಲದಲ್ಲಿಯೇ ಸೇರಿಸಿದ್ದನು. ಅನಂತರ ಅದಕ್ಕಾಗಿ 'ಎರಡು ಪಾದಗಳುಳ್ಳದ್ದು' ಎಂಬರ್ಥದ 'ಡೈಪಸ್' ಕುಲವು ರೂಪುಗೊಂಡಿತು. 1807ರಲ್ಲಿ ಥಾಮಸ್ ಹಾರ್ಡ್‌ವಿಕ್ ನಮ್ಮ ದೇಶದ ಒಂದು ಇಲಿಯನ್ನು 'ಡೈಪಸ್ ಇಂಡಿಕಸ್' ಎಂದು ಕರೆದನು. ಹೀಗೆ ಮೊದಲು ಜೆರ್ಬೊವಾ ಇಲಿಯೆನಿಸಿತು. ಬಳಿಕ ಇಲಿ ಜೆರ್ಬೊವಾ ಎನಿಸಿತು.

ಎರಡು ಸಲವೂ ತೀರ್ಪಿಗೆ ಆಧಾರವಾದುದು ಹೊರಗಿನ ಹೋಲಿಕೆ. ಅಂಗರಚನೆಯಲ್ಲಿ ಭೇದವು ಸ್ಪಷ್ಟ: ಬಹುಪಾಲು ಜೆರ್ಬೊವಾಗಳ ಹಿಂಗಾಲಿನ ಪಾದದ ನಡುವಣ ಮೂರು ಮೂಳೆಗಳು ಬೆಸೆದು ಒಂದಾಗಿವೆ, ನಮ್ಮ ಇಲಿಯಲ್ಲಿ ಅವು ಬೇರೆ ಬೇರೆ. ಆದುದರಿಂದ ಇಂದು ಜೆರ್ಬೊವಾಗಳು ಡೈಪೊಡಿಡೆ ಕುಟುಂಬಕ್ಕೂ, 'ಟಟೆರಾ ಇಂಡಿಕಾ' ಎನಿಸಿಕೊಂಡ ನಮ್ಮ ಇಲಿಯು ಮ್ಯೂರಿಡೆ ಕುಟುಂಬಕ್ಕೂ ಸೇರಿವೆ.

ಈ ಸೀಮೆಗೆ ಪೂರ್ವದಲ್ಲಿರುವ ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕವನೂ, ಕನ್ನಡ ಶಾಸನಗಳನ್ನು ಸಂಗ್ರಹಿಸಿದವನೂ ಅವನೇ. 1839ರಲ್ಲಿ ಅವನು ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಜೆರ್ಡನ್ನನ 1867ರ ಭಾರತೀಯ ಸಸ್ತನಿಗಳ ಗ್ರಂಥದಲ್ಲಿ 'ಜೆರ್ಬೊವಾ ರ್‍ಯಾಟ್' ಎಂಬ ಇಂಗ್ಲಿಷ್ ಹೆಸರಿನೊಡನೆ 'ಬಿಲ ಇಲಿ' ಎಂಬ ಕನ್ನಡದ ಹೆಸರೂ ಉಳಿದಿದೆ.

ಈ ಎರಡು ಹೆಸರುಗಳಲ್ಲಿ ಯಾವುದನ್ನು ನಂಬಬೇಕು? ಇಂಗ್ಲಿಷ್ ಹೆಸರನ್ನು ಅಕ್ಷರಶಃ ಗ್ರಹಿಸಿದವನು ಮಲೆನಾಡಿನ ಮಗ್ಗುಲಲ್ಲಿ ಒಮ್ಮೆ ಮರುಭೂಮಿಯ ಪ್ರಾಣಿಯಿತ್ತೆಂದು ಬಗೆದು, ಕಾಡಿನ ಚರಿತ್ರೆಯನ್ನೇ ತಪ್ಪಾಗಿ ಬರೆದಾನು. ಕನ್ನಡದ ಹೆಸರಾದರೋ ಕುಲನಿರ್ಣಯಕ್ಕೆ ತೊಡಗದೆ, ಬಿಲ ತೋಡಿ ಬಾಳುವ ಇಲಿಯೆಂದಷ್ಟೇ ಹೇಳುತ್ತದೆ; ಅದು ಇಂದಿಗೂ ನಿಜ. ವಿಜ್ಞಾನದ ಹೆಸರುಗಳಿಗೆ ತಿದ್ದುಪಡಿಯ ಇತಿಹಾಸವಿದೆ; ಅದನ್ನು ಅರಿತೇ ಅವುಗಳನ್ನು ಆಧಾರವಾಗಿ ಬಳಸಬೇಕು. ಹಳ್ಳಿಗರ ಹೆಸರುಗಳನ್ನೂ ಆಕರಗಳೆಂದು ಪರಿಗಣಿಸಿ ಸಂಗ್ರಹಿಸುವ ಕಾರ್ಯವು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಕ್ಕುದೆಂದು ನಾವು ಭಾವಿಸುತ್ತೇವೆ.