ತೆವರಿನ ಕತ್ತಾಳೆ

ಕತ್ತಾಳೆಯ ತವರು ಮೆಕ್ಸಿಕೊ ಮತ್ತು ಅದರ ಆಸುಪಾಸಿನ ಒಣಸೀಮೆ. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗೇರಿ ಯುರೋಪಿಗೆ ಹೋಯಿತು, ಮುಂದೆ ಕಡಲ ವ್ಯಾಪಾರದ ದಾರಿ ಹಿಡಿದು ಭಾರತಕ್ಕೂ ಬಂತು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಹೆಸರಾಗಿರುವುದು ಕಲ್ಲಿನ ವಿಗ್ರಹಗಳಿಗೆ. ಆದರೆ ಆ ಸೀಮೆಯ ಕೆಂಪು ನೆಲ, ಕಲ್ಲುಗುಡ್ಡ, ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ ಈ ಪರದೇಶಿ ಗಿಡಕ್ಕೂ ಚೆನ್ನಾಗಿ ಒಗ್ಗಿದವು.

ಊರವರು ಅದನ್ನು ಮೊದಲು ಒಪ್ಪಿಕೊಂಡದ್ದು ಬೇಲಿಯಾಗಿ. ಅಂಚಿಗೆಲ್ಲ ಮುಳ್ಳು, ತುದಿಗೊಂದು ಗಟ್ಟಿ ಮೊನೆ, ಮೈತುಂಬ ತುರಿಕೆಯ ರಸ. ಆಡು ಕೂಡ ಬಾಯಿ ಹಾಕದು. ಹೊಲದಂಚಿನ ತೆವರಿನ ಮೇಲೆ ಕಂದು ನೆಟ್ಟರೆ ನೀರು ಕೇಳದೆ ಬೆಳೆದು ಮಣ್ಣನ್ನೂ ಹಿಡಿದಿಡುತ್ತಿತ್ತು. ದೇಶದ ಹಲವೆಡೆ ರೈಲು ಕಂಪನಿಗಳೂ ಇದೇ ಕಾರಣಕ್ಕೆ ಹಳಿಯುದ್ದಕ್ಕೂ ಕತ್ತಾಳೆ ನೆಟ್ಟವು. ಜೋಲಾರಪೇಟೆಯಿಂದ ಈ ಸೀಮೆಯ ಟೇಕಲ್, ಮಾಲೂರಿನ ಮೇಲೆ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ.

ಬೇಲಿಯಿಂದ ಹಗ್ಗವೂ ಸಿಗುತ್ತಿತ್ತು. ಬಲಿತ ಹೊರಗಿನ ಎಲೆಗಳನ್ನಷ್ಟೇ ಕೊಯ್ದು, ಅಂಚಿನ ಮುಳ್ಳು ಸವರಿ, ಕಲ್ಲಿನ ಮೇಲೆ ಜಜ್ಜಿ, ಕುಂಟೆಯ ನೀರಲ್ಲಿ ಕೊಳೆಹಾಕುವುದು ಕ್ರಮ. ತಿರುಳು ಕರಗಿದ ಮೇಲೆ ಒಗೆದು ಒಣಗಿಸಿದರೆ ಬಿಳಿ ನಾರು ಕೈಗೆ ಬರುತ್ತದೆ. ನೂರು ಕೆ.ಜಿ. ಎಲೆಗೆ ದಕ್ಕುವ ಒಣ ನಾರು ಮೂರು ನಾಲ್ಕು ಕೆ.ಜಿ. ಮಾತ್ರ. ಕೊಳೆಯುವಾಗಿನ ನಾತ, ಕೈ ಮೈಯ ನವೆ ಬೇರೆ, ಸುಲಭದ ಕಸುಬೇನಲ್ಲ. ಆ ನಾರನ್ನೇ ಹೊಸೆದು ಕಣ್ಣಿ, ಹಗ್ಗ, ಮಿಣಿ ಮಾಡುತ್ತಿದ್ದರು.

ಜರ್ಮನ್ ಪೂರ್ವ ಆಫ್ರಿಕಾದಲ್ಲಿ 1893ರಲ್ಲಿ ತರಿಸಿದವುಗಳಲ್ಲಿ ಬದುಕುಳಿದ 62 ಸೀಸಲ್ ಕತ್ತಾಳೆ ಗಿಡಗಳಿಂದ ನಾರಿನ ದೊಡ್ಡ ತೋಟಗಳೇ ಎದ್ದವು. ಕೋಲಾರ ಸೀಮೆಯಲ್ಲಾದರೋ ಕತ್ತಾಳೆ ತೆವರು ಬಿಟ್ಟು ಹೊಲಕ್ಕಿಳಿದದ್ದು ಕಡಿಮೆ. ರಾಗಿ ಬೆಳೆಯುವ ನೆಲವನ್ನು ಯಾರು ತಾನೆ ಮುಳ್ಳಿಗೆ ಬಿಟ್ಟಾರು? ಹಗ್ಗ ಕಟ್ಟಿ ಎತ್ತುಗಳಿಂದ ಬಾವಿ ನೀರೆತ್ತುವ ಕಪಿಲೆಯ ಜಾಗಕ್ಕೆ ಪಂಪ್‌ಸೆಟ್, ನಾರಿನ ಹಗ್ಗದ ಜಾಗಕ್ಕೆ ನೈಲಾನ್, ಬೇಲಿಯ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ ಬಂದ ಮೇಲೆ ತೆವರಿನ ಕತ್ತಾಳೆಯನ್ನು ಕೇಳುವವರು ಕಡಿಮೆಯಾದರು.

ಈಗ ಅದಕ್ಕೆ ಬೆಲೆ ಇರುವುದು ಮನೆಯಂಗಳದಲ್ಲಿ. ಹಳದಿ ಅಂಚಿನ ಕತ್ತಾಳೆ, ಮುಳ್ಳಿಲ್ಲದ ಮೆತ್ತನೆಯ ಜಾತಿ ಕುಂಡಗಳಲ್ಲಿ ಕೂತಿವೆ. ಆರೈಕೆ ಮಾತ್ರ ತೆವರಿನದೇ. ಬಿಸಿಲು ಬೀಳಬೇಕು, ಮರಳು, ಜಲ್ಲಿ ಬೆರೆತ ಮಣ್ಣಿನಲ್ಲಿ ನೀರು ನಿಲ್ಲದೆ ಬಸಿದುಹೋಗಬೇಕು. ಮಣ್ಣು ಪೂರ್ತಿ ಒಣಗುವ ತನಕ ಮತ್ತೆ ನೀರು ಬೇಡ; ಅಂಗಳದಲ್ಲಿ ಕತ್ತಾಳೆ ಸಾಯುವುದು ಹೆಚ್ಚಾಗಿ ಬೇರು ಕೊಳೆತು, ಅಂದರೆ ಸಾಕುವವರ ಅತಿ ಅಕ್ಕರೆಯಿಂದಲೇ. ಮಕ್ಕಳು ಓಡಾಡುವ ಕಡೆ ಎಲೆಯ ಮೊನೆ ಕತ್ತರಿಸುವುದು ವಾಸಿ. ಹತ್ತಾರು ವರ್ಷ ಬೆಳೆದು ಒಮ್ಮೆ ಆಳೆತ್ತರಕ್ಕಿಂತ ಎಷ್ಟೋ ಮೇಲೆ ಹೂಗಂಬ ಎದ್ದರೆ ತಾಯಿಗಿಡದ ಆಯುಸ್ಸು ಮುಗಿಯಿತು. ಅದನ್ನು ಕಿತ್ತು, ಬುಡದ ಕಂದುಗಳನ್ನು ಒಂದೆರಡು ದಿನ ನೆರಳಿನಲ್ಲಿ ಗಾಯ ಒಣಗಿಸಿ ನೆಟ್ಟರೆ ಬೇರು ಬಿಡುತ್ತವೆ.