ಕುದುರೆ ನಡೆಗೆ ಸಂಗೀತದ ಆಯ್ಕೆ

ಕುದುರೆಯ ಹೆಜ್ಜೆಯ ಲಯಕ್ಕೆ ಒಗ್ಗುವ ಸಂಗೀತವನ್ನು ಸವಾರಿಗೆ ಆರಿಸುವುದೂ ಒಂದು ಕಲೆ. ನಡಿಗೆಯಲ್ಲಿ ನಾಲ್ಕು ಗೊರಸುಗಳೂ ಬಿಡಿಬಿಡಿಯಾಗಿ ಬೀಳುತ್ತವೆ. ಟ್ರಾಟ್ ಎಂಬ ಚುರುಕು ನಡೆಯಲ್ಲಿ ಓರೆಯಾಗಿ ಎದುರಿರುವ ಮುಂಗಾಲು ಹಿಂಗಾಲು ಜೋಡಿಯಾಗಿ ಬೀಳುವುದರಿಂದ ಎರಡೇ ಪೆಟ್ಟು. ಕ್ಯಾಂಟರ್ ಎಂಬ ಹಗುರ ಓಟದಲ್ಲಿ ಮೂರು, ಬಳಿಕ ನಾಲ್ಕೂ ಕಾಲು ಗಾಳಿಯಲ್ಲಿರುವ ಅರೆಕ್ಷಣ. ಹಾಗಾಗಿ ಮೊದಲೆರಡಕ್ಕೆ ನಾಲ್ಕರ ಎಣಿಕೆಯ ಚತುರಶ್ರ, ಕ್ಯಾಂಟರಿಗೆ ಮೂರರ ಎಣಿಕೆಯ ತಿಶ್ರ ಚೆನ್ನ. ಒಂದು ಮುಂಗಾಲು ನೆಲ ಮುಟ್ಟುವುದನ್ನು ನಿಮಿಷವಿಡೀ ಎಣಿಸಿ, ಅದೇ ವೇಗದ ಸಂಗೀತ ಹುಡುಕಬೇಕು. ಕುದುರೆಯನ್ನು ಹಾಡಿನ ಹಿಂದೆ ಓಡಿಸುವುದು ಸಲ್ಲದು. ಒಲಿಂಪಿಕ್ಸ್‌ನಲ್ಲಿ ಪಳಗಿದ ಕುದುರೆಯ ನಡೆಯ ಸ್ಪರ್ಧೆಯಾದ ಡ್ರೆಸಾಜ್‌ಗೆ ಸಂಗೀತದ ಸುತ್ತು ಸೇರಿದ್ದು 1996ರ ಅಟ್ಲಾಂಟಾದಲ್ಲಿ. ಬೆಳಗಾವಿ ಜಿಲ್ಲೆಯ ಶೇಡಬಾಳ, ಕಾಗವಾಡದ ಕಡೆ ಮದುವೆ ಮೆರವಣಿಗೆಯಲ್ಲಿ ವರನ ಕುದುರೆ ಬ್ಯಾಂಡಿನೊಡನೆ ಸಾಗುವಾಗಲೂ ಗಮನವಿಡಬೇಕಾದದ್ದು ಅದರ ಕಿವಿಯ ಮೇಲೆ: ಹಿಂದಕ್ಕೆ ಒತ್ತಿ ಮಡಚಿತೆಂದರೆ ವಾದ್ಯ ದೂರ ಸರಿಯಲೇಬೇಕು. ಕುದುರೆಯನ್ನೂ ಸಂಗೀತವನ್ನೂ ಜೊತೆಗಿಟ್ಟು ನೋಡುವುದು ಹೊಸದಲ್ಲ: ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ ಕುದುರೆ ಸವಾರಿಯ ವಿನೋದ, ಗೀತವಿನೋದ ಎರಡನ್ನೂ ಅರಸನ ವಿನೋದಗಳ ಸಾಲಿನಲ್ಲೇ ವಿವರಿಸುತ್ತದೆ.