ಆಟಕ್ಕೊಂದು ಪೀಠಿಕೆ

1981ರ ವಿಡಿಯೊ ಗೇಮ್ ‘ಡಾಂಕಿ ಕಾಂಗ್’ ಶುರುವಾಗುವುದು ಮಾತಿಲ್ಲದೆ. ದೈತ್ಯ ವಾನರ ಯುವತಿಯನ್ನು ಹೊತ್ತು ಏಣಿ ಹತ್ತುತ್ತದೆ. ಅದು ಕುಪ್ಪಳಿಸಿದಂತೆ ಕಬ್ಬಿಣದ ತೊಲೆಗಳು ಓರೆಯಾಗುತ್ತವೆ. ಯಾರನ್ನು ಬಿಡಿಸಬೇಕೆಂದು ಕೆಲವೇ ಕ್ಷಣಗಳಲ್ಲಿ ಗೊತ್ತು. ಆಟದ ವಿನ್ಯಾಸಕ ಶಿಗೆರು ಮಿಯಾಮೊಟೊ ಅವರ ಜಾಣತನವಿದು.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ತನ್ನ ಕಥೆಯನ್ನು ಕೈಪಿಡಿಯಲ್ಲಿಟ್ಟಿತು: ಕೂಪಾ ಎಂಬ ಆಮೆಕುಲದವರು ಅಣಬೆ ರಾಜ್ಯದ ಪ್ರಜೆಗಳನ್ನು ಮಾಟದಿಂದ ಕಲ್ಲು, ಇಟ್ಟಿಗೆ, ಗಿಡಗಳಾಗಿಸಿದ್ದಾರೆ, ಅದನ್ನು ಬಿಡಿಸಬಲ್ಲವಳು ಸೆರೆಯಲ್ಲಿರುವ ರಾಜಕುಮಾರಿ ಒಬ್ಬಳೇ. 1990ರ ದಶಕದಲ್ಲಿ ದೆಹಲಿಯ ಕನಾಟ್ ಪ್ಲೇಸ್‌ನ ಪಾಲಿಕಾ ಬಜಾರಿನಲ್ಲೂ ನಮ್ಮ ಬೆಂಗಳೂರಿನಲ್ಲೂ ಬಿಕರಿಯಾದ ನಕಲಿ ಕ್ಯಾಸೆಟ್‌ಗಳ ಜೊತೆ ಸಾಮಾನ್ಯವಾಗಿ ಕೈಪಿಡಿಯೇ ಇರುತ್ತಿರಲಿಲ್ಲ. ಮುಷ್ಟಿಯಿಂದ ಗುದ್ದಿ ಇಟ್ಟಿಗೆ ಒಡೆದ ಮಕ್ಕಳಿಗೆ ಅದು ಯಾರಿರಬಹುದೆಂಬ ಸುಳಿವೂ ಇರಲಿಲ್ಲ!

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕೈಪಿಡಿಯೊಂದು ಉಳಿದಿದ್ದರೆ ರದ್ದಿಗೆ ಹಾಕಬೇಡಿ.